ಕಾರಿನ ಮುಂಭಾಗದ ತಿರುವು ಸೂಚಕ ದೀಪದ ಬಲ್ಬ್ ಬದಲಾವಣೆ

ತಿರುವು ಸೂಚಕ ದೀಪವು ವಾಹನವು ಎಡಕ್ಕೆ ಅಥವಾ ಬಲಕ್ಕೆ ತಿರುಗಲಿದೆ ಎಂಬುದನ್ನು ರಸ್ತೆಯಲ್ಲಿರುವ ಇತರರಿಗೆ ಮುಂಚಿತವಾಗಿ ತಿಳಿಸುವ, ಮಿನುಗುವ ದೀಪ. ರೂಢಿಯಲ್ಲಿ ಇದನ್ನು ಇಂಡಿಕೇಟರ್ ಎಂದು ಕರೆಯುತ್ತಾರೆ. ಕಾರಿನ ಮುಂಭಾಗದಲ್ಲಿ ಇದು ಸಾಮಾನ್ಯವಾಗಿ ಹೆಡ್‌ಲೈಟಿನ ಮಗ್ಗುಲಲ್ಲಿ ಅಥವಾ ಬಂಪರಿನಲ್ಲಿ ಇರುತ್ತದೆ. ತಂತು ಇರುವ ಬಲ್ಬನ್ನು ಬಳಸುವ ಅನೇಕ ಕಾರುಗಳಲ್ಲಿ, ಕೆಟ್ಟ ಬಲ್ಬನ್ನು ವಿಶೇಷ ಉಪಕರಣಗಳಿಲ್ಲದೆ ಮನೆಯಲ್ಲಿಯೇ ಬದಲಾಯಿಸಬಹುದು. ಹೊಸ ಬಲ್ಬ್ ಬೆಳಗಿದರೆ ಸಾಲದು. ಅದು ಸರಿಯಾದ ಬಣ್ಣದಲ್ಲಿ, ಸರಿಯಾದ ವೇಗದಲ್ಲಿ ಮಿನುಗಬೇಕು. ಎದುರಿನಿಂದ ಬರುವವರು ಮತ್ತು ರಸ್ತೆ ದಾಟುವವರು ಚಾಲಕನ ಉದ್ದೇಶವನ್ನು ಅರಿಯುವುದು ಈ ದೀಪದಿಂದಲೇ.

ಹಿನ್ನೆಲೆ

ಮೋಟಾರು ವಾಹನಗಳ ಆರಂಭಕಾಲದಲ್ಲಿ ಚಾಲಕರು ಕಿಟಕಿಯಿಂದ ಕೈ ಚಾಚಿ ಸಂಕೇತ ನೀಡುತ್ತಿದ್ದರು. ಬಳಿಕ ಯುರೋಪಿನ ಕಾರುಗಳಲ್ಲಿ ಬಾಗಿಲಿನ ಬಳಿಯ ಕಂಬದಿಂದ ಹೊರಚಾಚುವ, ಟ್ರಾಫಿಕೇಟರ್ ಎಂಬ ಸಣ್ಣ ತೋಳುಗಳು ಬಳಕೆಗೆ ಬಂದವು. 1939ರಲ್ಲಿ ಅಮೆರಿಕದ ಬ್ಯೂಕ್ ಕಾರುಗಳಲ್ಲಿ ಮಿನುಗುವ ಸೂಚಕ ದೀಪಗಳು ಕಾಣಿಸಿಕೊಂಡವು. ಕಾಲಕ್ರಮದಲ್ಲಿ ಈ ಪದ್ಧತಿಯೇ ಎಲ್ಲೆಡೆ ನೆಲೆಯೂರಿತು.

ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 102ನೆಯ ನಿಯಮವು ಈ ದೀಪಗಳಿಗೆ ಸಂಬಂಧಿಸಿದೆ. ಅದರಂತೆ ದೀಪದ ಬೆಳಕು ಅಂಬರ್, ಅಂದರೆ ಕಿತ್ತಳೆ ಮಿಶ್ರಿತ ಹಳದಿ ಬಣ್ಣದ್ದಾಗಿರಬೇಕು. ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ, 120ನ್ನು ಮೀರದಂತೆ ಮಿನುಗಬೇಕು. ಮುಂಭಾಗದಲ್ಲಿ ಹೆಡ್‌ಲೈಟಿನ ಬಿಳಿ ಬೆಳಕು ತೀರ ಸಮೀಪದಲ್ಲಿಯೇ ಇರುವುದರಿಂದ, ಸೂಚಕ ದೀಪವನ್ನು ಪ್ರತ್ಯೇಕವಾಗಿ ಗುರುತಿಸಲು ಈ ಬಣ್ಣ ನೆರವಾಗುತ್ತದೆ.

ಬಲ್ಬ್ ಕೆಟ್ಟಿರುವುದರ ಲಕ್ಷಣಗಳು

ಒಂದು ಬದಿಯ ಇಂಡಿಕೇಟರ್ ಹಾಕಿದಾಗ ಡ್ಯಾಶ್‌ಬೋರ್ಡಿನ ಬಾಣದ ಗುರುತು ಎಂದಿಗಿಂತ ವೇಗವಾಗಿ ಮಿನುಗಿ, ಟಿಕ್ ಟಿಕ್ ಸದ್ದೂ ವೇಗವಾದರೆ, ಆ ಬದಿಯ ಬಲ್ಬುಗಳಲ್ಲಿ ಒಂದು ಕೆಟ್ಟಿರುವ ಸಂಭವ ಹೆಚ್ಚು. ಇದರ ಕಾರಣ ಸರಳವಾದುದು. ಮುಂದಿನ ಮತ್ತು ಹಿಂದಿನ ಬಲ್ಬುಗಳು ಸಾಮಾನ್ಯವಾಗಿ ತಲಾ 21 ವ್ಯಾಟಿನವು. 12 ವೋಲ್ಟಿನಲ್ಲಿ ಪ್ರತಿಯೊಂದೂ ಸುಮಾರು 1.75 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಎರಡೂ ಸೇರಿದರೆ 3.5 ಆಂಪಿಯರ್ ಆಗುತ್ತದೆ. ಒಂದು ಬಲ್ಬಿನ ತಂತು ತುಂಡಾದರೆ ಪ್ರವಾಹ ಅರ್ಧಕ್ಕೆ ಇಳಿಯುತ್ತದೆ. ಎಲೆಕ್ಟ್ರಾನಿಕ್ ಫ್ಲಾಶರ್ ಇದನ್ನು ಗ್ರಹಿಸಿ ಮಿನುಗುವ ವೇಗವನ್ನು ಹೆಚ್ಚಿಸುತ್ತದೆ. ಕಾರಿನ ಒಳಗಿದ್ದು ಹೊರಗಿನ ದೀಪವನ್ನು ಕಾಣಲಾರದ ಚಾಲಕನಿಗೆ ಇದು ಎಚ್ಚರಿಕೆ. ಹಳೆಯ ಕಾಲದ, ಬಿಸಿಯಿಂದ ಬಾಗುವ ಲೋಹಪಟ್ಟಿಯ ಫ್ಲಾಶರ್‌ಗಳಲ್ಲಿ ಹೀಗಾಗುವುದಿಲ್ಲ. ಪ್ರವಾಹ ಕಡಿಮೆಯಾದಾಗ ಪಟ್ಟಿ ಸಾಕಷ್ಟು ಕಾಯದೆ, ದೀಪ ನಿಧಾನವಾಗಿ ಮಿನುಗುತ್ತದೆ ಅಥವಾ ಮಿನುಗದೆ ಉರಿಯುತ್ತಲೇ ಇರುತ್ತದೆ.

ಎರಡೂ ಬದಿಯ ದೀಪಗಳು ಒಮ್ಮೆಗೇ ನಿಂತುಹೋದರೆ, ಬಲ್ಬಿಗಿಂತ ಮೊದಲು ಫ್ಯೂಸ್ ಮತ್ತು ಫ್ಲಾಶರನ್ನು ಪರೀಕ್ಷಿಸಬೇಕು.

ಬಲ್ಬಿನ ಬಗೆಗಳು

ಹೆಚ್ಚಾಗಿ ಬಳಕೆಯಲ್ಲಿರುವ ಬಲ್ಬುಗಳು ಎರಡು. ದೀಪದ ಹೊರಗವಚವೇ ಅಂಬರ್ ಬಣ್ಣದ್ದಾಗಿದ್ದರೆ ಬಣ್ಣವಿಲ್ಲದ ಗಾಜಿನ ಪಿ21ಡಬ್ಲ್ಯು ಬಲ್ಬನ್ನು ಬಳಸುತ್ತಾರೆ. ಹೊರಗವಚ ಪಾರದರ್ಶಕವಾಗಿದ್ದರೆ, ಗಾಜಿಗೇ ಅಂಬರ್ ಬಣ್ಣವಿರುವ ಪಿವೈ21ಡಬ್ಲ್ಯು ಬೇಕು. ಎರಡರ ಬುಡವೂ 15 ಮಿಲಿಮೀಟರ್ ವ್ಯಾಸದ ಲೋಹದ ಕೊಳವೆ. ಆದರೆ ಅದರ ಮೇಲಿನ ಎರಡು ಮೊಳೆಗಳ ಸ್ಥಾನ ಬೇರೆ ಬೇರೆ. ಪಿ21ಡಬ್ಲ್ಯು ಬಲ್ಬಿನಲ್ಲಿ ಅವು 180 ಡಿಗ್ರಿ ಅಂತರದಲ್ಲಿ, ನೇರ ಎದುರುಬದುರಾಗಿರುತ್ತವೆ. ಪಿವೈ21ಡಬ್ಲ್ಯು ಬಲ್ಬಿನಲ್ಲಿ 150 ಡಿಗ್ರಿ ಅಂತರದಲ್ಲಿರುತ್ತವೆ. ಈ ವ್ಯತ್ಯಾಸದಿಂದಾಗಿ, ಅಂಬರ್ ಬಲ್ಬ್ ಇರಬೇಕಾದ ಹೋಲ್ಡರಿನಲ್ಲಿ ಬಿಳಿಯ ಬಲ್ಬ್ ಕೂರುವುದಿಲ್ಲ. ಆದ್ದರಿಂದ ಹೊಸ ಬಲ್ಬ್ ಸುಲಭವಾಗಿ ಕೂರದಿದ್ದಾಗ ಬಲವಂತದಿಂದ ತಿರುಗಿಸುವುದಾಗಲಿ, ಮೊಳೆಯನ್ನು ಅರದಿಂದ ಉಜ್ಜುವುದಾಗಲಿ ತಪ್ಪು.

ಕೆಲವು ಕಾರುಗಳಲ್ಲಿ ಲೋಹದ ಬುಡವಿಲ್ಲದ, ಚಪ್ಪಟೆ ಬುಡದ ಡಬ್ಲ್ಯುವೈ21ಡಬ್ಲ್ಯು ಬಲ್ಬ್ ಇರುತ್ತದೆ. ಇದನ್ನು ತಿರುಗಿಸದೆ ನೇರವಾಗಿ ಎಳೆದು ತೆಗೆಯಬೇಕು. ಯಾವ ಬಲ್ಬ್ ಬೇಕೆಂಬುದು ಕಾರಿನ ಕೈಪಿಡಿಯಲ್ಲಿಯೂ ಹಳೆಯ ಬಲ್ಬಿನ ಬುಡದ ಮೇಲೆಯೂ ಮುದ್ರಿತವಾಗಿರುತ್ತದೆ.

ಬದಲಾಯಿಸುವ ಕ್ರಮ

1. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ದೀಪಗಳನ್ನು ಆರಿಸಿ, ಕೀಲಿಯನ್ನು ತೆಗೆಯಬೇಕು. ಎಂಜಿನ್ ಮತ್ತು ಬಲ್ಬ್ ತಣ್ಣಗಾಗುವವರೆಗೆ ಕಾಯಬೇಕು. ಎಂಜಿನ್ ಬಿಸಿಯಾಗಿದ್ದರೆ, ಅದು ನಿಂತ ಮೇಲೂ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು.
2. ಬಾನೆಟ್ ತೆರೆದು, ಅದನ್ನು ಊರೆಗೋಲಿನ ಮೇಲೆ ಭದ್ರವಾಗಿ ನಿಲ್ಲಿಸಿ, ದೀಪದ ಹಿಂಬದಿಯಲ್ಲಿರುವ ಹೋಲ್ಡರನ್ನು ಗುರುತಿಸಬೇಕು. ಕೆಲವು ಮಾದರಿಗಳಲ್ಲಿ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸರಿಸಿ ಅಥವಾ ಇಡೀ ಹೆಡ್‌ಲೈಟನ್ನು ಕಳಚಿ ಹೋಲ್ಡರನ್ನು ತಲಪಬೇಕಾಗುತ್ತದೆ.
3. ಹೋಲ್ಡರನ್ನು ಅಪ್ರದಕ್ಷಿಣವಾಗಿ ಸುಮಾರು ಕಾಲು ಸುತ್ತು ತಿರುಗಿಸಿ ಹೊರತೆಗೆಯಬೇಕು. ವೈರನ್ನು ಹಿಡಿದು ಎಳೆಯಬಾರದು.
4. ಮೊಳೆಯಿರುವ ಬಲ್ಬನ್ನು ಮೆಲ್ಲನೆ ಒಳಕ್ಕೆ ಒತ್ತಿ, ಅಪ್ರದಕ್ಷಿಣವಾಗಿ ತಿರುಗಿಸಿ ಬಿಡಿಸಬೇಕು. ಗಾಜು ಒಡೆದಿದ್ದರೆ ಕೈಗವಸು ಧರಿಸಿ, ಇಕ್ಕಳದಿಂದ ಬುಡವನ್ನು ಹಿಡಿಯಬೇಕು.
5. ಹೋಲ್ಡರಿನ ಒಳಗಿನ ಲೋಹದ ಭಾಗಗಳಲ್ಲಿ ತುಕ್ಕು ಅಥವಾ ಹಸಿರು ಕಿಲುಬು ಇದ್ದರೆ ನಯವಾದ ಉಜ್ಜುಕಾಗದದಿಂದ ಹಗುರವಾಗಿ ತೆಗೆಯಬೇಕು.
6. ಹೊಸ ಬಲ್ಬಿನ ಗಾಜನ್ನು ಶುಭ್ರವಾದ ಬಟ್ಟೆಯಿಂದ ಹಿಡಿದು, ಮೊಳೆಗಳನ್ನು ಗಾಡಿಗಳಿಗೆ ಹೊಂದಿಸಿ, ಒತ್ತಿ, ಪ್ರದಕ್ಷಿಣವಾಗಿ ತಿರುಗಿಸಬೇಕು. ಹ್ಯಾಲೊಜೆನ್ ಬಲ್ಬಾಗಿದ್ದರೆ ಗಾಜನ್ನು ಬರಿಗೈಯಿಂದ ಮುಟ್ಟಲೇಬಾರದು. ಬೆರಳಿನ ಜಿಡ್ಡಿನಿಂದ ಅದರ ಆಯುಷ್ಯ ಕುಗ್ಗುತ್ತದೆ.
7. ಹೋಲ್ಡರನ್ನು ಮರಳಿ ಕೂರಿಸುವ ಮೊದಲೇ ಇಂಡಿಕೇಟರ್ ಹಾಕಿ ಪರೀಕ್ಷಿಸಬೇಕು. ಬಳಿಕ ರಬ್ಬರ್ ವಾಷರ್ ಸ್ವಸ್ಥಾನದಲ್ಲಿರುವಂತೆ ಹೋಲ್ಡರನ್ನು ಬಿಗಿಗೊಳಿಸಬೇಕು. ವಾಷರ್ ಸರಿದರೆ ಮಳೆನೀರು ಒಳಸೇರುತ್ತದೆ.

ಕೊನೆಯಲ್ಲಿ ಹಜಾರ್ಡ್ ಗುಂಡಿಯನ್ನು ಒತ್ತಿ ಕಾರನ್ನು ಒಂದು ಸುತ್ತು ಬಂದರೆ, ಬೇರೆಯವರ ನೆರವಿಲ್ಲದೆಯೇ ಎಲ್ಲ ಸೂಚಕ ದೀಪಗಳನ್ನೂ ನೋಡಬಹುದು.

ಹೊಸ ಬಲ್ಬೂ ಬೆಳಗದಿದ್ದರೆ

ಬೆಳಗುತ್ತಿರುವ ಇನ್ನೊಂದು ಬದಿಯ ಬಲ್ಬನ್ನು ಈ ಹೋಲ್ಡರಿಗೆ ಹಾಕಿ ನೋಡುವುದು ಸುಲಭವಾದ ಪರೀಕ್ಷೆ. ಅದೂ ಬೆಳಗದಿದ್ದರೆ ದೋಷವು ಹೋಲ್ಡರಿನಲ್ಲಿ, ವೈರಿನಲ್ಲಿ ಅಥವಾ ಅರ್ಥ್ ಸಂಪರ್ಕದಲ್ಲಿದೆ ಎಂದು ತಿಳಿಯಬಹುದು. ಆಗ ವಾಹನ ಎಲೆಕ್ಟ್ರಿಷಿಯನ್ನರ ನೆರವು ಪಡೆಯುವುದು ಯುಕ್ತ.

ಎಲ್ಇಡಿ ಬಲ್ಬುಗಳು

ತಂತುವಿನ ಬಲ್ಬಿನ ಜಾಗದಲ್ಲಿ ಎಲ್ಇಡಿ ಬಲ್ಬನ್ನು ಹಾಕಿದಾಗ ಅದು ಎಳೆಯುವ ಪ್ರವಾಹ ತೀರ ಕಡಿಮೆಯಿರುತ್ತದೆ. ಬಲ್ಬ್ ಕೆಟ್ಟಿದೆಯೆಂದೇ ಫ್ಲಾಶರ್ ಭಾವಿಸಿ ವೇಗವಾಗಿ ಮಿನುಗಿಸುತ್ತದೆ. ಇದನ್ನು ತಡೆಯಲು ಜೋಡಿಸುವ ರೆಸಿಸ್ಟರ್‌ಗಳು ಬಹಳ ಬಿಸಿಯಾಗುವುದರಿಂದ ಪ್ಲಾಸ್ಟಿಕ್ ಭಾಗಗಳಿಗೆ ತಾಗದಂತಿರಬೇಕು. ಕಾರ್ಖಾನೆಯಲ್ಲಿಯೇ ಎಲ್ಇಡಿ ಅಳವಡಿಸಿರುವ ದೀಪಗಳಲ್ಲಿ ಬಿಡಿ ಬಲ್ಬ್ ಸಾಮಾನ್ಯವಾಗಿ ಇರುವುದಿಲ್ಲ. ಕೆಟ್ಟಾಗ ಇಡೀ ಘಟಕವನ್ನೇ ಬದಲಾಯಿಸಬೇಕಾಗುತ್ತದೆ.

ಬಣ್ಣ ಮಾಸಿದ ಬಲ್ಬುಗಳು

ಅಂಬರ್ ಬಲ್ಬಿನ ಬಣ್ಣದ ಲೇಪವು ಶಾಖದಿಂದ ಮಾಸುವುದೂ ಚಕ್ಕೆಯಾಗಿ ಉದುರುವುದೂ ಉಂಟು. ತಂತು ಸರಿಯಾಗಿರುವುದರಿಂದ ದೀಪ ಎಂದಿನ ವೇಗದಲ್ಲಿಯೇ ಮಿನುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ಆದರೆ ಹೊರಗೆ ಅದು ಬಿಳಿಚಿಕೊಂಡು, ಎದುರಿನವರಿಗೆ ಸುಲಭವಾಗಿ ಗುರುತಿಗೆ ಸಿಗುವುದಿಲ್ಲ. ಇಂಥ ಬಲ್ಬ್ ಉರಿಯುತ್ತಿದ್ದರೂ ಅದನ್ನು ಬದಲಾಯಿಸಬೇಕು. ಎರಡೂ ಬದಿಯ ಬಲ್ಬುಗಳು ಒಂದೇ ಕಾಲದವಾಗಿದ್ದರೆ ಜೊತೆಯಾಗಿ ಬದಲಾಯಿಸುವುದರಿಂದ ಬಣ್ಣವೂ ಪ್ರಕಾಶವೂ ಸಮನಾಗಿರುತ್ತವೆ.