ಬೆಂಬಲಿಗರ ಮೂಲಕ ನಿಧಿ ಸಂಗ್ರಹ: ಸಂತ ಪೌಲರ ಮಾದರಿ ಮತ್ತು ಮಲಪ್ರಭೆಯ ದಡದ ನಮ್ಮ ಹೊಣೆ

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು ಮುಂತಾದ ಊರುಗಳು ಜಲಾವೃತವಾದವು. ಇದೇ ನದಿ 2009ರಲ್ಲಿಯೂ ಈ ಸೀಮೆಯನ್ನು ಮುಳುಗಿಸಿತ್ತು. ಇಂತಹ ವಿಪತ್ತಿನಲ್ಲಿ ಸರಕಾರದ ಪರಿಹಾರಕ್ಕಿಂತ ಮೊದಲು ಜನರನ್ನು ತಲುಪುವುದು ಜನರೇ ಕೂಡಿಸಿದ ನೆರವು. ಇಂದು ಆ ನೆರವು ಬಹುಮಟ್ಟಿಗೆ ಮೊಬೈಲ್ ಫೋನಿನ ಮೂಲಕ ಸಾಗುತ್ತದೆ. ಸಂಸ್ಥೆಯು ತಾನೇ ಸಾರ್ವಜನಿಕರನ್ನು ಬೇಡುವ ಬದಲು, ಸಂಸ್ಥೆಯ ಬೆಂಬಲಿಗರು ತಮ್ಮ ತಮ್ಮ ಬಂಧುಮಿತ್ರರನ್ನು ಕೇಳಿ ಹಣ ಕೂಡಿಸುವ ಈ ಕ್ರಮವನ್ನು ಒಬ್ಬರಿಂದೊಬ್ಬರಿಗೆ ಸಾಗುವ ಕ್ರೌಡ್‌ಫಂಡಿಂಗ್ ಎನ್ನುತ್ತಾರೆ. 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿಲಾಪ್‌ನಂತಹ ಜಾಲವೇದಿಕೆಗಳು ಇದನ್ನು ನಮ್ಮ ನಾಡಿನಲ್ಲಿ ರೂಢಿಗೊಳಿಸಿವೆ.

ಧರ್ಮಕೇಂದ್ರದ ಗುರುಗಳಿಗೂ ನಾಳೆ ಗುರುಗಳಾಗಲಿರುವ ಗುರುಮಠದ ವಿದ್ಯಾರ್ಥಿಗಳಿಗೂ ಈ ವಿಷಯ ಕೇವಲ ತಾಂತ್ರಿಕವೆಂದು ತೋರಬಹುದು. ಆದರೆ ಇದು ದೈವಶಾಸ್ತ್ರದ ಪ್ರಶ್ನೆಯೂ ಹೌದು, ಶಾಸನದ ಪ್ರಶ್ನೆಯೂ ಹೌದು. ಕ್ರಿಸ್ತನ ಹೆಸರಿನಲ್ಲಿ ಹಣ ಕೇಳಲು ಒಬ್ಬ ವಿಶ್ವಾಸಿಯನ್ನು ಕಳುಹಿಸುವಾಗ, ಆತನು ಬಾಳಿನುದ್ದಕ್ಕೂ ಗಳಿಸಿದ ನಂಬಿಕೆಯನ್ನೇ ನಾವು ಪಣಕ್ಕಿಡುತ್ತೇವೆ.

1. ಪೌಲರ ಸಂಗ್ರಹಕಾರ್ಯ

ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಂತ ಪೌಲರು ಕೈಗೊಂಡ ಸಂಗ್ರಹವು ಅವರ ಪತ್ರಗಳಲ್ಲಿ ನಾಲ್ಕು ಕಡೆ ಕಾಣಿಸಿಕೊಳ್ಳುತ್ತದೆ: ಗಲಾತ್ಯರಿಗೆ ಬರೆದ ಪತ್ರದ 2ನೆಯ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೆಯ ಅಧ್ಯಾಯ, ಎರಡನೆಯ ಪತ್ರದ 8 ಮತ್ತು 9ನೆಯ ಅಧ್ಯಾಯಗಳು, ರೋಮನರಿಗೆ ಬರೆದ ಪತ್ರದ 15ನೆಯ ಅಧ್ಯಾಯ. ಈ ಕಾರ್ಯಕ್ಕೆ ಪೌಲರು ಬಳಸುವ ಪದಗಳು ಗಮನಾರ್ಹವಾಗಿವೆ. ಸಂಗ್ರಹ ಎಂಬ ಅರ್ಥದ ಲೊಗೇಯ ಎಂಬ ಪದವನ್ನು ಅವರು ಬಳಸುವುದು ವಿರಳ. ಕೃಪೆ ಎಂಬರ್ಥದ ಖಾರಿಸ್, ಅನ್ಯೋನ್ಯತೆ ಎಂಬರ್ಥದ ಕೊಯಿನೋನಿಯ, ಸೇವೆ ಎಂಬರ್ಥದ ದಿಯಾಕೊನಿಯ, ಆರಾಧನೆಯ ಛಾಯೆಯುಳ್ಳ ಲೆಯಿತುರ್ಗಿಯ, ಇವೇ ಅವರ ನಿಜವಾದ ಪದಕೋಶ. ಹಣವು ಅವರ ದೃಷ್ಟಿಯಲ್ಲಿ ಕೃಪೆಯು ಹರಿಯುವ ಒಂದು ಕಾಲುವೆ.

ಪೌಲರ ಕಾರ್ಯವಿಧಾನವೂ ಅಷ್ಟೇ ಸ್ಪಷ್ಟವಾಗಿದೆ. ವಾರದ ಮೊದಲ ದಿನ ಪ್ರತಿಯೊಬ್ಬರೂ ಗಳಿಕೆಗೆ ತಕ್ಕಷ್ಟನ್ನು ತೆಗೆದಿರಿಸಬೇಕು. ಒಂದು ಸಭೆಯ ಔದಾರ್ಯವನ್ನು ಇನ್ನೊಂದು ಸಭೆಗೆ ತಿಳಿಸಿ ಹುರಿದುಂಬಿಸಬೇಕು: ಕಡುಬಡತನದಲ್ಲಿಯೂ ಧಾರಾಳವಾಗಿ ನೀಡಿದ ಮಕೆದೋನಿಯದವರ ಮಾತನ್ನು ಕೊರಿಂಥದವರಿಗೆ ಹೇಳುತ್ತಾರೆ. ತೀತನೊಂದಿಗೆ, ಸಭೆಗಳೇ ಆರಿಸಿದ ಸಹೋದರನೊಬ್ಬನು ಹಣದ ಜೊತೆಯಲ್ಲಿ ಪ್ರಯಾಣ ಮಾಡಬೇಕು. ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ವ್ಯವಹಾರ ನಿರ್ಮಲವಾಗಿ ಕಾಣಬೇಕೆಂಬುದು ಇದಕ್ಕೆ ಅವರು ಕೊಡುವ ಕಾರಣ. ಪ್ರೇಷಿತರೇ ತಮ್ಮ ಮೇಲೆ ಸಾಕ್ಷಿಗಳನ್ನು ನೇಮಿಸಿಕೊಂಡರೆಂಬುದನ್ನು ನಾವು ಮರೆಯಬಾರದು.

2. ಹತ್ತು ಮಂದಿಯ ಗುಂಪುಗಳು

ಆಧುನಿಕ ಕಾಲದಲ್ಲಿ ಈ ಕ್ರಮಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟವರು ಫ್ರಾನ್ಸಿನ ಲಿಯೋನ್ ನಗರದ ಪೌಲಿನ್ ಜಾರಿಕೋ. ರೇಷ್ಮೆ ಕಾರ್ಖಾನೆಯ ಬಡ ಕಾರ್ಮಿಕರ ನಡುವೆ ಆಕೆ ವಾರಕ್ಕೊಂದು ಸೂ ನಾಣ್ಯದ ಕಾಣಿಕೆ ಮತ್ತು ನಿತ್ಯದ ಪ್ರಾರ್ಥನೆಯನ್ನು ಆರಂಭಿಸಿದರು. ಒಬ್ಬೊಬ್ಬ ಮುಖಂಡರೂ ಹತ್ತು ಜನರನ್ನು ಕೂಡಿಸಬೇಕು. ಅಂತಹ ಹತ್ತು ಗುಂಪು ಸೇರಿ ನೂರು, ನೂರರ ಹತ್ತು ಗುಂಪು ಸೇರಿ ಸಾವಿರ. 1822ರ ಮೇ 3ರಂದು ಇದರಿಂದ ಹುಟ್ಟಿದ ವಿಶ್ವಾಸ ಪ್ರಸಾರ ಸಂಘವು ಸರಿಯಾಗಿ ನೂರು ವರ್ಷಗಳ ನಂತರ 1922ರಲ್ಲಿ ಪರಮಾಧಿಕಾರದ ಸಂಸ್ಥೆಯಾಯಿತು. 2022ರ ಮೇ 22ರಂದು ಆಕೆಯನ್ನು ಪುನೀತೆ ಎಂದು ಘೋಷಿಸಲಾಯಿತು.

ನಮ್ಮ ಸೀಮೆಗೆ ಹತ್ತಿರದ ಉದಾಹರಣೆ ಬಾಸೆಲ್ ಮಿಶನ್ನಿನದು. 1855ರಲ್ಲಿ ಬಾಸೆಲ್ ನಗರದ ಕಾರ್ಲ್ ಸಾರಾಸಿನ್ ಅವರು ಅರ್ಧ ಬಾಟ್ಸೆನ್ ಎಂಬ ಸಣ್ಣ ನಾಣ್ಯದ ವಾರದ ಸಂಗ್ರಹವನ್ನು ಏರ್ಪಡಿಸಿದರು. ಸ್ವಯಂಸೇವಕರು ಮನೆಯಿಂದ ಮನೆಗೆ ಹೋಗಿ ಅದನ್ನು ಕೂಡಿಸುತ್ತಿದ್ದರು. ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಕೆಲಸ ಮಾಡಿದ ಮಿಶನ್ನಿನ ಬೆನ್ನಿಗಿದ್ದವರು ಇಂತಹ ಸಾಮಾನ್ಯ ಜನರೇ. 1910ರಿಂದ ಮಿಜೋರಾಮಿನ ತಾಯಂದಿರು ಅಡುಗೆಗೆ ಮುನ್ನ ಒಂದು ಹಿಡಿ ಅಕ್ಕಿಯನ್ನು ಸಭೆಗೆಂದು ತೆಗೆದಿರಿಸುತ್ತ ಬಂದಿರುವುದೂ ಇದೇ ಬಗೆಯದು.

ಜಾರಿಕೋ ಅವರ ಬದುಕಿನ ಉತ್ತರಾರ್ಧವನ್ನೂ ನಾವು ಓದಬೇಕು. ಕಾರ್ಮಿಕರಿಗಾಗಿ ಆದರ್ಶ ಉದ್ಯಮವೊಂದನ್ನು ಕಟ್ಟಲು ಹೊರಟ ಆಕೆ ಅದರ ಆಡಳಿತವನ್ನು ಅಪ್ರಾಮಾಣಿಕರ ಕೈಗೊಪ್ಪಿಸಿ ವಂಚಿತರಾದರು. ತಮ್ಮನ್ನು ನಂಬಿ ಹಣ ಕೊಟ್ಟಿದ್ದವರ ಸಾಲ ತೀರಿಸಲು ಹೆಣಗುತ್ತ, 1862ರಲ್ಲಿ ಬಡತನದಲ್ಲಿಯೇ ಕಣ್ಣು ಮುಚ್ಚಿದರು. ಕೂಡಿಸುವ ಸಾಮರ್ಥ್ಯ ಬೇರೆ, ಕಾಯುವ ವ್ಯವಸ್ಥೆ ಬೇರೆ. ಪುನೀತೆಯೊಬ್ಬರಿಗೂ ಎರಡನೆಯದು ಇಲ್ಲದೆ ನಡೆಯಲಿಲ್ಲ.

3. ನಮ್ಮ ನೆಲದ ರೂಢಿ

ರೋಣ, ನರಗುಂದ, ಗಜೇಂದ್ರಗಡದ ಜನರಿಗೆ ಈ ವಿದ್ಯೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದ ಕಣಗಿನಹಾಳದ ಸಂಘವು 1905ರಲ್ಲಿ ಹುಟ್ಟಿದ್ದು ಇದೇ ಗದಗ ಸೀಮೆಯಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಂಧ ಹಾಗೂ ಅನಾಥ ಮಕ್ಕಳ ಆಶ್ರಯವಾದ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಪಂಚಾಕ್ಷರಿ ಗವಾಯಿಗಳು, ಅನಂತರ ಪುಟ್ಟರಾಜ ಗವಾಯಿಗಳು ನಡೆಸಿದ್ದು ಭಕ್ತರು ಊರೂರಿನಲ್ಲಿ ಮಾಡಿಸಿದ ತುಲಾಭಾರಗಳಿಂದಲೂ ನಾಟಕ ಪ್ರದರ್ಶನಗಳಿಂದಲೂ. ಜಾತ್ರೆಯ ದಾಸೋಹಕ್ಕೆ ಹಳ್ಳಿಗಳಿಂದ ರೊಟ್ಟಿಯ ಬುಟ್ಟಿಗಳು ಬರುವುದನ್ನು ಈ ಭಾಗದಲ್ಲಿ ಕಾಣದವರಿಲ್ಲ.

ಪೌಲರು ಹೇಳುವ ಸಮಾನತೆಯೂ ಇಲ್ಲಿಯೇ ಅರ್ಥವಾಗುತ್ತದೆ. ಇಂದಿನ ನಿಮ್ಮ ಸಮೃದ್ಧಿ ಅವರ ಕೊರತೆಯನ್ನು ನೀಗಲಿ, ನಾಳೆ ಅವರ ಸಮೃದ್ಧಿ ನಿಮ್ಮ ಕೊರತೆಯನ್ನು ನೀಗಲಿ ಎಂಬುದು ಅವರ ವಾದದ ತಿರುಳು. 2018ರಲ್ಲಿ ಕೊಡಗು ಕುಸಿದಾಗ ಉತ್ತರ ಕರ್ನಾಟಕದಿಂದ ಜೋಳದ ರೊಟ್ಟಿ ಅಲ್ಲಿಗೆ ಹೋಯಿತು. ಮರುವರ್ಷ ಉತ್ತರ ಕರ್ನಾಟಕವೇ ನೀರಿನಲ್ಲಿ ನಿಂತಾಗ ದಕ್ಷಿಣದ ಜಿಲ್ಲೆಗಳಿಂದ ನೆರವು ಬಂದಿತು. ಆದ್ದರಿಂದ ಸಂತ್ರಸ್ತನನ್ನು ಕೇವಲ ಬೇಡುವವನಂತೆ ಚಿತ್ರಿಸುವ ಮನವಿಯು ಸತ್ಯಕ್ಕೆ ದೂರವಾದದ್ದು. ಆತನೂ ನಿನ್ನೆಯ ದಾನಿಯೇ. ಕೆಸರಿನಲ್ಲಿ ಅಳುತ್ತಿರುವ ಮಗುವಿನ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹಂಚುವುದು ಹಣ ತರಬಹುದು, ಆದರೆ ಅದು ಪ್ರೀತಿಕಾರ್ಯವಾಗದು.

4. ಬೆಂಬಲಿಗರನ್ನು ಸಿದ್ಧಗೊಳಿಸುವ ಬಗೆ

ಸಾಮಾನ್ಯವಾಗಿ ನಡೆಯುವುದೇನೆಂದರೆ, ಧರ್ಮಕೇಂದ್ರವು ಒಂದು ಲಿಂಕನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಎಲ್ಲರಿಗೂ ಹಂಚಿರಿ ಎನ್ನುತ್ತದೆ. ಎಲ್ಲರಿಗೂ ಕೇಳಿದ್ದು ಯಾರಿಗೂ ಕೇಳಿದಂತಾಗುವುದಿಲ್ಲ. ಬೆಂಬಲಿಗನಿಗೆ ನಾವು ಕೊಡಬೇಕಾದದ್ದು ಲಿಂಕಿಗಿಂತ ಹೆಚ್ಚಿನದು.

ಮೊದಲನೆಯದು, ನಿರ್ದಿಷ್ಟವಾದ ಉದ್ದೇಶ ಮತ್ತು ಮೊತ್ತ. ನೆರೆಯಲ್ಲಿ ಪಠ್ಯಪುಸ್ತಕ, ಹಾಸಿಗೆ, ಪಾತ್ರೆ ಕಳೆದುಕೊಂಡ ಕುಟುಂಬಗಳಿಗೆ 3 ಲಕ್ಷ ರೂಪಾಯಿ ಬೇಕೆಂದು ಭಾವಿಸೋಣ. 20 ಬೆಂಬಲಿಗರು ತಲಾ 15 ಸಾವಿರದ ಹೊಣೆ ಹೊತ್ತರೆ, ಒಬ್ಬೊಬ್ಬರಿಗೂ 500 ರೂಪಾಯಿ ಕೊಡುವ 30 ಜನ ಸಾಕು. ಕೇಳಿದವರೆಲ್ಲರೂ ಕೊಡುವುದಿಲ್ಲವಾದ್ದರಿಂದ ಪಟ್ಟಿಯಲ್ಲಿ 60 ಹೆಸರುಗಳಿರಲಿ. ಗೋವೆಗೂ ಮಂಗಳೂರಿಗೂ ದುಡಿಯಲು ಹೋದ ನಮ್ಮ ಊರಿನವರ ಹೆಸರುಗಳೂ ಅದರಲ್ಲಿರಲಿ. ಆದರೆ ದಿನಗೂಲಿಯವರನ್ನು ಮೊತ್ತ ಹೇಳಿ ಕೇಳಬಾರದು. ವಿಧವೆಯ ಎರಡು ಕಾಸನ್ನು ಪ್ರಭುವು ಮೆಚ್ಚಿದರು, ಕೇಳಿ ಪಡೆಯಲಿಲ್ಲ.

ಎರಡನೆಯದು, ಬೆಂಬಲಿಗನ ಮೊದಲ ಕಾಣಿಕೆ ಅವನದೇ ಆಗಿರಲಿ. ಕೊಡದವನ ಬೇಡಿಕೆಗೆ ತೂಕವಿಲ್ಲ. ಮೂರನೆಯದು, ಆತನು ತನ್ನ ಮಾತಿನಲ್ಲಿಯೇ ಕೇಳಲಿ. ನಾವು ಬರೆದುಕೊಟ್ಟ ಮನವಿಯನ್ನು ಮುಂದೂಡುವುದಕ್ಕಿಂತ ಎರಡು ನಿಮಿಷದ ಕರೆ ಮೇಲು. ನಾಲ್ಕನೆಯದು, ಕೊನೆಯ ದಿನಾಂಕವನ್ನು ಮೊದಲೇ ಹೇಳಲಿ. ಐದನೆಯದು, ಕೊಟ್ಟವರಿಗೆ ಕೂಡಲೇ ಕೃತಜ್ಞತೆ, ಕೆಲಸ ಮುಗಿದ ಮೇಲೆ ಲೆಕ್ಕ. ಇಲ್ಲವೆಂದವರ ಮೇಲೆ ಬೇಸರ ಬೇಡ. ದಾನಿಗಳ ಹೆಸರನ್ನು ಮೊತ್ತದೊಡನೆ ಸಾರುವ ಅಭ್ಯಾಸವನ್ನು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಪ್ರಭುವಿನ ಬೋಧನೆಯ ಬೆಳಕಿನಲ್ಲಿ ಕೈಬಿಡುವುದು ಲೇಸು.

5. ಶಾಸನದ ಕಟ್ಟುಪಾಡುಗಳು

1983ರ ಕ್ಯಾನನ್ ಕಾನೂನು ಸಂಹಿತೆಯ 1265ನೆಯ ವಿಧಿಯಂತೆ, ಖಾಸಗಿ ವ್ಯಕ್ತಿಗಳು ಧರ್ಮಸಭೆಯ ಉದ್ದೇಶಕ್ಕೆ ಹಣ ಎತ್ತಲು ಧರ್ಮಾಧ್ಯಕ್ಷರೇ ಮೊದಲಾದ ಅಧಿಕಾರಿಗಳ ಲಿಖಿತ ಅನುಮತಿ ಬೇಕು. 1267ನೆಯ ವಿಧಿಯ ಮೂರನೆಯ ಭಾಗದಂತೆ, ಒಂದು ಉದ್ದೇಶಕ್ಕೆ ಬಂದ ಕಾಣಿಕೆಯನ್ನು ಅದಕ್ಕೇ ಬಳಸಬೇಕು. ನೆರೆ ಪರಿಹಾರಕ್ಕೆ ಬಂದು ಮಿಕ್ಕ ಹಣದಲ್ಲಿ ದೇವಾಲಯದ ಕಾಂಪೌಂಡು ಕಟ್ಟುವಂತಿಲ್ಲ. ಮಿಕ್ಕರೆ ಏನು ಮಾಡುತ್ತೇವೆಂಬುದನ್ನು ಮನವಿಯಲ್ಲಿಯೇ ಹೇಳುವುದು ವಿವೇಕ. 1287ನೆಯ ವಿಧಿಯ ಎರಡನೆಯ ಭಾಗವು ವಿಶ್ವಾಸಿಗಳು ಕೊಟ್ಟ ಸ್ವತ್ತಿನ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕೆನ್ನುತ್ತದೆ.

ದೇಶದ ಕಾನೂನಿನಲ್ಲಿ ಮುಖ್ಯವಾದುದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ. ದುಬೈಯಲ್ಲಿ ದುಡಿಯುವ ಭಾರತೀಯ ಪ್ರಜೆಯು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ್ದು ವಿದೇಶಿ ವಂತಿಗೆಯಾಗದು. ಆದರೆ ಬೇರೆ ದೇಶದ ಪೌರತ್ವ ಪಡೆದ ನಮ್ಮದೇ ಬಂಧು ಕೊಟ್ಟರೆ ಅದು ವಿದೇಶಿ ವಂತಿಗೆ. ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಧರ್ಮಕೇಂದ್ರವು ಅದನ್ನು ಪಡೆಯುವಂತಿಲ್ಲ. ನೋಂದಣಿಯಿರುವ ಸಂಸ್ಥೆಯೂ 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಬೆಂಬಲಿಗರಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಸದುದ್ದೇಶವೇ ಅಪರಾಧವಾದೀತು. ಇನ್ನು ಹಣವು ಗುರುಗಳ ಅಥವಾ ಬೆಂಬಲಿಗರ ಸ್ವಂತ ಖಾತೆಗೆ ಎಂದಿಗೂ ಬರಬಾರದು. ಸಂಸ್ಥೆಯ ಹೆಸರಿನ ಖಾತೆ, ಇಬ್ಬರ ಸಹಿ, ಪ್ರತಿಯೊಬ್ಬ ದಾನಿಗೂ ರಸೀದಿ, ಇವು ಇರಲೇಬೇಕು.

ಕೊನೆಯ ಮಾತು ಹಂಚಿಕೆಯ ಕುರಿತು. ಈ ತಾಲ್ಲೂಕುಗಳಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಕೊಡುವವರಲ್ಲಿಯೂ ಪಡೆಯುವವರಲ್ಲಿಯೂ ಬಹುತೇಕರು ಅನ್ಯಧರ್ಮೀಯ ನೆರೆಹೊರೆಯವರೇ. ನೆರವು ಆಮಿಷವೆಂಬ ಶಂಕೆಗೆ ಎಡೆಗೊಡದಂತೆ, ಫಲಾನುಭವಿಗಳ ಪಟ್ಟಿಯನ್ನು ಗ್ರಾಮದ ಹಿರಿಯರೊಡನೆ ಕುಳಿತು ನಷ್ಟದ ಆಧಾರದ ಮೇಲೆ ಮಾಡಬೇಕು. ಹಂಚುವ ಜಾಗದಲ್ಲಿ ಪ್ರಾರ್ಥನೆಯ ಷರತ್ತೂ ಇರಬಾರದು, ಕರಪತ್ರವೂ ಇರಬಾರದು. ಗಾಯಗೊಂಡವನ ಧರ್ಮವನ್ನು ಸಮಾರ್ಯದವನು ವಿಚಾರಿಸಲಿಲ್ಲ. ಮನುಷ್ಯರ ಮುಂದೆಯೂ ನಿರ್ಮಲವಾಗಿರಬೇಕೆಂಬ ಪೌಲರ ಎಚ್ಚರವು ಮಲಪ್ರಭೆಯ ದಡದಲ್ಲಿ ಈ ರೂಪವನ್ನು ತಾಳುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲೇ ಪ್ರತಿಯೊಂದು ಧರ್ಮಕೇಂದ್ರವೂ ಇಪ್ಪತ್ತು ಬೆಂಬಲಿಗರ ಪಟ್ಟಿ, ಲಿಖಿತ ಅನುಮತಿ ಮತ್ತು ಲೆಕ್ಕ ನೋಡುವ ಇಬ್ಬರು ಗೃಹಸ್ಥರ ಹೆಸರನ್ನು ಸಿದ್ಧವಾಗಿಟ್ಟುಕೊಳ್ಳಲಿ. ನೀರು ಬಂದ ಮೇಲೆ ಇವನ್ನು ಹುಡುಕಲು ಸಮಯವಿರುವುದಿಲ್ಲ.