ಹಳೆಯ ದೋಣಿಯ ಒಡಲು

ಗೋಪನಕೊಪ್ಪದಲ್ಲಿ ಕುಳಿತು ದೋಣಿಯ ಮಾತನ್ನಾಡುವುದು ಕೆಲವರಿಗೆ ವಿನೋದವೆನಿಸೀತು. ಇಲ್ಲಿಂದ ಕಾರವಾರದ ಕಡಲು ರಸ್ತೆಯಲ್ಲಿ 150 ಕಿಲೋಮೀಟರಿಗೂ ದೂರ. ಆದರೆ ನಮ್ಮ ಮಾಳಿಗೆಯ ಮನೆಯಲ್ಲಿ ಗೆದ್ದಲು ಹಿಡಿದ ಕಂಬವನ್ನು ಬದಲಿಸಲು ಬಂದ ಬಡಿಗನು ಮೊದಲು ಕಂಬವನ್ನು ಮುಟ್ಟಲಿಲ್ಲ. ತೊಲೆಗೆ ಎರಡು ಕಡೆ ಆಸರೆ ಕೊಟ್ಟನು. ಹಳೆಯ ದೋಣಿಯ ಜೀರ್ಣೋದ್ಧಾರದ ಮೊದಲ ಪಾಠವೂ ಇದೇ.

ತೇಲುವ ದೋಣಿಯನ್ನು ನೀರು ಅಡಿಯುದ್ದಕ್ಕೂ ಎತ್ತಿ ಹಿಡಿದಿರುತ್ತದೆ. ದಡಕ್ಕೆ ಎಳೆದೊಡನೆ ಭಾರವೆಲ್ಲ ನಾಲ್ಕಾರು ದಿಮ್ಮಿಗಳ ಮೇಲೆ ಬೀಳುತ್ತದೆ. ಆಸರೆ ಸಮನಾಗಿರದಿದ್ದರೆ ಬೆನ್ನುಮರ ಬಾಗುತ್ತದೆ. ಬಾಗಿದ ಮೇಲೆ ಹೊಸ ಹಲಗೆ ಕೂಡಿಸಿದರೆ ಆ ವಕ್ರತೆಯೇ ಸ್ಥಿರವಾಗುತ್ತದೆ. ಆದ್ದರಿಂದ ಮೊದಲು ಆಕಾರದ ರಕ್ಷಣೆ, ಅನಂತರ ರೋಗದ ಶೋಧನೆ. ಮರವನ್ನು ಕೊಳೆಯಿಸುವುದರಲ್ಲಿ ಕಡಲಿನ ಉಪ್ಪುನೀರಿಗಿಂತ ಒಳಗೆ ನಿಂತ ಮಳೆಯ ನೀರೇ ಹೆಚ್ಚು ಕೆಡುಕಿನದು. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಮರ ಖಣಿಲೆನ್ನುತ್ತದೆ, ಕೊಳೆತದ್ದು ಮಂದವಾಗಿ ನುಡಿಯುತ್ತದೆ. ಕೆಟ್ಟ ಹಲಗೆಗಳನ್ನೆಲ್ಲ ಒಮ್ಮೆಲೇ ಕೀಳಬಾರದು. ಒಂದನ್ನು ತೆಗೆದು, ಅದರ ಅಳತೆಯಲ್ಲಿಯೇ ಹೊಸದನ್ನು ಕೂಡಿಸಿ, ಬಳಿಕ ಇನ್ನೊಂದಕ್ಕೆ ಕೈಹಾಕಬೇಕು.

ನಮ್ಮ ಕರಾವಳಿಯ ರಂಪಣಿ ದೋಣಿಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಅವುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಾರೆ. ಮೊಳೆಯ ದೋಣಿಯಲ್ಲಿ ಪಕ್ಕೆಲುಬುಗಳು ಆಕಾರವನ್ನು ಕಾಯ್ದರೆ, ಇಲ್ಲಿ ಹೊಲಿಗೆಯೇ ಕಾಯುತ್ತದೆ. ಹುರಿ ಹಳತಾದಾಗ ಅದನ್ನು ಬಿಚ್ಚಿ, ಸಂದಿಗೆ ನಾರು ತುಂಬಿ, ಮರಳಿ ಹೊಲಿದು, ತೂತುಗಳನ್ನು ಮುಚ್ಚಿ ಎಣ್ಣೆ ಬಳಿಯಬೇಕು. ಹೀಗೆ ಹೊಲಿದ ಒಡಲು ಬಂಡೆಗೆ ತಾಗಿದರೂ ಬಳುಕುತ್ತದೆ, ಕಬ್ಬಿಣದ ಮೊಳೆಯದು ಒಡೆಯುತ್ತದೆ ಎಂಬ ಮಾತನ್ನು 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರವನ್ನು ಕಂಡ ಇಬ್ನ್ ಬತೂತನೂ ಬರೆದಿಟ್ಟಿದ್ದಾನೆ.

1970ರ ದಶಕದ ಕೊನೆಗೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದವು. ರಂಪಣಿ ಹಿಂದೆ ಸರಿಯಿತು. ದೋಣಿಯೊಂದಿಗೆ ಹೊಲಿಯುವ ಕೈಗಳೂ ಕಡಿಮೆಯಾದವು. ಈ ನಷ್ಟದ ಬೆಲೆ ಎಷ್ಟೆಂಬುದು ಕಾರವಾರದಲ್ಲಿ 2025ರ ಮೇ 21ರಂದು ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಎಂಬ ಹೊಲಿದ ಹಡಗಿನಿಂದ ತಿಳಿಯುತ್ತದೆ. ಅದಕ್ಕೆ ಮಾದರಿಯಾಗಿ ಉಳಿದಿದ್ದುದು 5ನೆಯ ಶತಮಾನದ ಅಜಂತೆಯ ಒಂದು ಚಿತ್ರ ಮಾತ್ರ; ನಕ್ಷೆಯಿಲ್ಲ, ಹಳೆಯ ಒಡಲೂ ಇಲ್ಲ. ಇಂಜಿನಿಯರರು ಲೆಕ್ಕ ಹಾಕಿ, ಪ್ರಯೋಗ ಮಾಡಿ ಆಕಾರವನ್ನು ಊಹಿಸಬೇಕಾಯಿತು. ಆದರೆ ಹೊಲಿಗೆಯನ್ನು ಊಹಿಸಬೇಕಾಗಲಿಲ್ಲ. ಆ ವಿದ್ಯೆ ಕೇರಳದ ಕುಶಲಿಗಳ ಕೈಯಲ್ಲಿ ಇನ್ನೂ ಜೀವಂತವಾಗಿತ್ತು. 2025ರ ಡಿಸೆಂಬರ್ 29ರಂದು ಆ ಹಡಗು ಪೋರಬಂದರದಿಂದ ಮಸ್ಕತ್ತಿನತ್ತ ಹಾಯಿ ಬಿಚ್ಚಿತು.

ಓಲೆ ಶಿಥಿಲವಾದಾಗ ಹೊಸ ಓಲೆಗೆ ಪ್ರತಿಮಾಡುತ್ತ ಬಂದುದರಿಂದಲೇ ನಮ್ಮ ಕಾವ್ಯಗಳು ಉಳಿದವು. ಪ್ರತಿಕಾರನ ಮುಂದೆ ಹಳೆಯ ಓಲೆ ಇರಬೇಕಿತ್ತು. ಅದನ್ನು ಓದಬಲ್ಲ ಕಣ್ಣೂ ಇರಬೇಕಿತ್ತು. ದೋಣಿಗೂ ಇವೆರಡೂ ಬೇಕು.

ನಮ್ಮ ಬಡಿಗನು ಆ ದಿನ ಗೆದ್ದಲು ತಿಂದ ಕಂಬವನ್ನು ಒಲೆಗೆ ಹಾಕಗೊಡಲಿಲ್ಲ. ಹೊಸ ಕಂಬ ತೊಲೆಗೆ ಕೂಡುವವರೆಗೂ ಅದನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಮತ್ತೆ ಮತ್ತೆ ಅಳೆದು ನೋಡುತ್ತಿದ್ದನು.