ಕೆರೆ ದಂಡೆಯಲ್ಲಿ ಕ್ಯಾಂಪಿಂಗ್: ಫಾರ್ವರ್ಡ್‌ಗಳಲ್ಲಿ ಬರುವ ಐದು ಮಾತು ಎಷ್ಟು ನಿಜ?

ರಜೆ ಹತ್ತಿರ ಬಂದಂತೆ ವಾಟ್ಸಾಪ್ ಗುಂಪುಗಳಲ್ಲಿ ಹಿನ್ನೀರಿನ ಫೋಟೊಗಳು ಓಡಾಡತೊಡಗುತ್ತವೆ. ನೀರಿನ ಅಂಚಿಗೇ ಹಾಕಿದ ಟೆಂಟ್, ಪಕ್ಕದಲ್ಲಿ ನಿಂತ ಕ್ಯಾರವಾನ್, ನಡುವೆ ಉರಿಯುವ ಬೆಂಕಿ, ಕೆಳಗೆ ಒಂದಿಷ್ಟು ಟಿಪ್ಸ್. ಜಾಗ ಚೆಂದವಾಗಿದೆ ಎಂದು ಫೋಟೊ ಹೇಳುತ್ತದೆ. ಆದರೆ ಮಕ್ಕಳನ್ನೂ ವಯಸ್ಸಾದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ ಅಲ್ಲಿ ಒಂದು ರಾತ್ರಿ ಮಲಗಬಹುದೇ ಎಂಬುದನ್ನು ಹೇಳುವುದಿಲ್ಲ. ಅಡ್ವಾನ್ಸ್ ಕಟ್ಟುವ ಮೊದಲು, ಹೀಗೆ ಹರಿದಾಡುವ ಐದು ಮಾತುಗಳನ್ನು ನಾವು ಒಂದೊಂದಾಗಿ ನೋಡೋಣ.

1. "ನೀರಿಗೆ ಹತ್ತಿರ ಇದ್ದಷ್ಟೂ ಒಳ್ಳೆಯ ಜಾಗ"

ತಪ್ಪು. ನಮ್ಮಲ್ಲಿ ಕೆರೆ ದಂಡೆ ಎಂದು ತೋರಿಸುವ ಎಷ್ಟೋ ಕ್ಯಾಂಪ್‌ಗಳು ಇರುವುದು ಅಣೆಕಟ್ಟಿನ ಹಿನ್ನೀರಿನ ಪಕ್ಕದಲ್ಲಿ. ಅಲ್ಲಿ ನೀರಿನ ಮಟ್ಟ ಒಂದೇ ಸಮ ಇರುವುದಿಲ್ಲ. ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಬರದ ವರ್ಷಗಳ ಬೇಸಿಗೆಯಲ್ಲಿ ಅದು 90 ಅಡಿಗಿಂತ ಕೆಳಗೆ ಇಳಿದದ್ದುಂಟು. ಬೇಸಿಗೆಯಲ್ಲಿ ಹಿನ್ನೀರಿನ ಅಂಚಿನಲ್ಲಿ ಕಾಣುವ ಹಸಿರು ಬಯಲು ನಿಜಕ್ಕೂ ಜಲಾಶಯದ ತಳ. ಮಳೆಗಾಲದಲ್ಲಿ ನೀರು ಮತ್ತೆ ಅಲ್ಲಿಗೇ ಬರುತ್ತದೆ.

ಅಣೆಕಟ್ಟಿನ ಕೆಳಗಿನ ನದಿ ದಡವಂತೂ ಇನ್ನೂ ಅಪಾಯ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದಲ್ಲಿ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಬಿಯಾಸ್ ನದಿಗೆ ಇಳಿದಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಗೇಟು ತೆರೆಯಲು ನೀವಿರುವ ಜಾಗದಲ್ಲೇ ಮಳೆ ಬರಬೇಕೆಂದಿಲ್ಲ.

ಹಾಗಾಗಿ ಟೆಂಟ್ ನೀರಿನಿಂದ ಕನಿಷ್ಠ 200 ಅಡಿ, ಅಂದರೆ ಸುಮಾರು 80 ಹೆಜ್ಜೆ ದೂರವಿರಲಿ. ಬಂಡೆಗಳ ಮೇಲೆ, ಮರದ ಬುಡದಲ್ಲಿ ಹಳೆಯ ನೀರಿನ ಗುರುತು ಹುಡುಕಿ; ಅದಕ್ಕಿಂತ ಎತ್ತರದಲ್ಲಿ ಮಲಗಿ.

2. "ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು, ಒಳಗೆ ಕೆಂಡ ಇಟ್ಟುಕೊಳ್ಳಬಹುದು"

ಇದು ಜೀವ ತೆಗೆಯುವ ಸಲಹೆ. ಇದ್ದಿಲು, ಸೌದೆ, ಗ್ಯಾಸ್, ಪೆಟ್ರೋಲ್ ಸರಿಯಾಗಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟ್ ಒಂದರಲ್ಲಿ ಗ್ಯಾಸ್ ಹೀಟರ್ ಹಾಕಿ ಮಲಗಿದ್ದ ಕೇರಳದ ಎಂಟು ಪ್ರವಾಸಿಗರು ತೀರಿಕೊಂಡರು. ಅವರಲ್ಲಿ ನಾಲ್ವರು ಮಕ್ಕಳು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತದ್ದು ಜನರೇಟರಿನಿಂದ ಬಂದ ಇದೇ ಅನಿಲದಿಂದ.

ಟೆಂಟ್ ಅಥವಾ ಕ್ಯಾರವಾನ್ ಒಳಗೆ ಕೆಂಡ ಬೇಡ, ಸೊಳ್ಳೆಗೆಂದು ಬೇವಿನ ಹೊಗೆಯೂ ಬೇಡ. ಜನರೇಟರ್ ಕಿಟಕಿ ಬಾಗಿಲುಗಳಿಂದ 20 ಅಡಿಗಿಂತ ದೂರವಿರಲಿ. ಕ್ಯಾರವಾನ್ ಬಾಡಿಗೆಗೆ ತೆಗೆದುಕೊಳ್ಳುವಾಗ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಇದೆಯೇ ಎಂದು ಕೇಳಿ. ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಊಟದ ದೋಷ ಎಂದು ಸುಮ್ಮನಿರಬೇಡಿ. ಮೊದಲು ಎಲ್ಲರೂ ಹೊರಗೆ ಬನ್ನಿ.

3. "ನೀರಲ್ಲಿ ಮುಳುಗಿದವರನ್ನು ಉಪ್ಪಿನಲ್ಲಿ ಮುಚ್ಚಿಟ್ಟರೆ ಬದುಕುತ್ತಾರೆ"

ಸಂಪೂರ್ಣ ಸುಳ್ಳು. ಇಂಥ ಪೋಸ್ಟ್ ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಮನೆಯವರು ಮುಳುಗಿದ ಮಕ್ಕಳ ದೇಹವನ್ನು ಉಪ್ಪಿನಲ್ಲಿ ಮುಚ್ಚಿ ಗಂಟೆಗಟ್ಟಲೆ ಕಾದರು. ಮಕ್ಕಳು ಏಳಲಿಲ್ಲ. ಉಪ್ಪು ಹೆಚ್ಚೆಂದರೆ ಚರ್ಮದ ತೇವ ಹೀರುತ್ತದೆ. ಶ್ವಾಸಕೋಶಕ್ಕೆ ಗಾಳಿ ತುಂಬುವುದಿಲ್ಲ. ಆಮ್ಲಜನಕ ಸಿಗದ ಮೆದುಳಿಗೆ ಕೆಲವೇ ನಿಮಿಷಗಳಲ್ಲಿ ಹಾನಿ ಶುರುವಾಗುತ್ತದೆ. ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಕೂಡ ಆ ನಿಮಿಷಗಳನ್ನು ಹಾಳುಮಾಡುತ್ತವೆ.

ಮಾಡಬೇಕಾದದ್ದು ಇಷ್ಟು: ಸಮತಟ್ಟು ನೆಲದಲ್ಲಿ ಅಂಗಾತ ಮಲಗಿಸಿ. ಒಬ್ಬರು 108ಕ್ಕೆ ಕರೆ ಮಾಡಲಿ. ಉಸಿರಿಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ವಾಲಿಸಿ, ಮೂಗು ಮುಚ್ಚಿ, ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಉಸಿರು ಕೊಡಿ. ಸಹಾಯ ಬರುವವರೆಗೆ ಇದನ್ನೇ ಮುಂದುವರಿಸಿ.

ಇನ್ನೊಂದು ವಿಷಯ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ. ಉಸಿರಾಡಲೇ ಆಗದವರಿಗೆ ಕೂಗಲು ಎಲ್ಲಿಂದ ಬರಬೇಕು? ಒಂದು ನಿಮಿಷದೊಳಗೆ ಸದ್ದಿಲ್ಲದೆ ಎಲ್ಲ ಮುಗಿದುಹೋಗಬಹುದು. ಹಾಗಾಗಿ ನೀರಿನ ಬಳಿ ಮಕ್ಕಳಿದ್ದಾಗ ಫೋನ್ ಮುಟ್ಟದೆ ನೋಡಿಕೊಳ್ಳುವ ಒಬ್ಬ ದೊಡ್ಡವರಿರಲಿ, ಪಾಳಿ ಹಾಕಿಕೊಳ್ಳಿ. ಗಾಳಿ ತುಂಬಿದ ಆಟಿಕೆ ಲೈಫ್ ಜಾಕೆಟ್ ಅಲ್ಲ. ಹಿನ್ನೀರಿನ ತಳದಲ್ಲಿ ಹೂಳು, ಹಳೆಯ ಮರದ ಬೊಡ್ಡೆ, ಹಠಾತ್ ಆಳದ ಗುಂಡಿ ಇರುತ್ತವೆ. ಈಜು ಬಲ್ಲವರಿಗೂ ಇವು ಅಪಾಯವೇ.

4. "ಕೆರೆ ನೀರನ್ನು ಕುದಿಸಿದರೆ ಯಾವ ತೊಂದರೆಯೂ ಇಲ್ಲ"

ಅರ್ಧ ಸತ್ಯ. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟಿದ್ದರೆ ಅದು ನೀಲಿ-ಹಸಿರು ಪಾಚಿಯಾಗಿರಬಹುದು. ಅದರ ಕೆಲವು ಬಗೆಗಳು ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ ಅಷ್ಟೆ. ಅಂಥ ನೀರನ್ನು ಕುಡಿಯಬೇಡಿ, ಮಕ್ಕಳನ್ನು ಇಳಿಸಬೇಡಿ, ಜೊತೆಗೆ ಬಂದ ನಾಯಿಗೂ ಕುಡಿಸಬೇಡಿ. ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕ್ಯಾಂಪಿನವರನ್ನು ಮೊದಲೇ ಕೇಳಿ.

5. "ಸಿಡಿಲು ಬಂದರೆ ಟೆಂಟ್ ಒಳಗೆ ಹೋದರೆ ಸಾಕು"

ತಪ್ಪು. ಟೆಂಟ್ ಸಿಡಿಲನ್ನು ತಡೆಯುವುದಿಲ್ಲ, ಒಂಟಿ ಮರದ ಬುಡವೂ ಅಷ್ಟೇ. ಗಟ್ಟಿ ಕಟ್ಟಡ, ಇಲ್ಲವೇ ಗಾಜು ಏರಿಸಿದ, ಲೋಹದ ಛಾವಣಿಯ ಕಾರು ಸುರಕ್ಷಿತ. ಕಾರಿನಲ್ಲಿ ರಕ್ಷಣೆ ಕೊಡುವುದು ರಬ್ಬರ್ ಟೈರ್ ಅಲ್ಲ, ಸುತ್ತಲಿನ ಲೋಹ. ಆದ್ದರಿಂದ ಬರೀ ಫೈಬರ್ ಮೈಯ ಕ್ಯಾರವಾನ್ ನಂಬಬೇಡಿ. ಗುಡುಗು ಕೇಳಿಸಿದ ಕೂಡಲೇ ನೀರಿನಿಂದ ಮೇಲೆ ಬನ್ನಿ.

ಬುಕ್ ಮಾಡುವ ಮೊದಲು ಫೋನಿನಲ್ಲಿ ಕೇಳಿ

- ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ?
- ಎಲ್ಲರ ಅಳತೆಗೂ ಲೈಫ್ ಜಾಕೆಟ್ ಇದೆಯೇ? ಮಕ್ಕಳದ್ದು?
- ಮೊಬೈಲ್ ಸಿಗ್ನಲ್ ಸಿಗುತ್ತದೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ?
- ಕ್ಯಾರವಾನ್ ನಿಲ್ಲಿಸುವ ನೆಲ ಸಮತಟ್ಟಾಗಿ, ಗಟ್ಟಿಯಾಗಿದೆಯೇ? ಎರೆ ಮಣ್ಣಾದರೆ ಒಂದು ಮಳೆಗೇ ಚಕ್ರ ಹೂತುಹೋಗುತ್ತದೆ.
- ಕರೆಂಟ್ ಪಾಯಿಂಟ್‌ಗೆ ಅರ್ತಿಂಗ್ ಇದೆಯೇ? ಶೌಚದ ತೊಟ್ಟಿ ಖಾಲಿ ಮಾಡಲು ಜಾಗವಿದೆಯೇ, ಅಥವಾ ಅದು ಕೆರೆಗೇ ಸೇರುತ್ತದೆಯೇ?
- ಅರಣ್ಯದ ಅಂಚಾದರೆ ರಾತ್ರಿ ತಂಗಲು ಅನುಮತಿ ಇದೆಯೇ?

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಜಾಗದ ಫೋಟೊ ಸಾಧಾರಣವಾಗಿದ್ದರೂ ಪರವಾಗಿಲ್ಲ, ಅದನ್ನೇ ಆರಿಸಿ. ಇನ್ನು ಉಪ್ಪಿನ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ ಸುಮ್ಮನೆ ಅಳಿಸಿ ಬಿಡಬೇಡಿ. ಅದರ ಕೆಳಗೇ, ಉಸಿರು ಕೊಡಿ, 108ಕ್ಕೆ ಕರೆ ಮಾಡಿ ಎಂದು ಬರೆದು ಹಾಕಿ. ಆ ಗುಂಪಿನಲ್ಲಿರುವ ಯಾರಿಗೋ ಒಂದು ದಿನ ಅದು ಬೇಕಾಗಬಹುದು.